ಗಾಯ ಮಾಯುವುದು ಬೇರೆ, ಬಲ ಮರಳುವುದು ಬೇರೆ: ಕಣ್ಣಿನ ಶಸ್ತ್ರಚಿಕಿತ್ಸೆ ಮತ್ತು ಪೆಟ್ಟಿನ ಆಟಗಳು



ಕಣ್ಣಿನ ಆಪರೇಷನ್ ಎಂದರೆ ಕನ್ನಡಿಗರಿಗೆ ಬಹುಕಾಲ ನೆನಪಾಗುತ್ತಿದ್ದುದು ಡಾ. ಎಂ.ಸಿ. ಮೋದಿಯವರ ಶಿಬಿರಗಳು. ಊರೂರಿಗೆ ಹೋಗಿ ಪೊರೆ ತೆಗೆಯುತ್ತಿದ್ದ ಆ ದಿನಗಳಲ್ಲಿ ರೋಗಿಗಳೆಂದರೆ ಹೆಚ್ಚಾಗಿ ವಯಸ್ಸಾದವರು. ಚಿಕಿತ್ಸೆಯ ನಂತರ ಅವರು ಮರಳಬೇಕಾಗಿದ್ದುದು ಮನೆಯ ಜಗಲಿಗೆ, ಹೆಚ್ಚೆಂದರೆ ಹೊಲದ ಬದುವಿಗೆ. ತಲೆಗೆ ನೀರು ಹಾಕಬೇಡಿ, ಭಾರ ಎತ್ತಬೇಡಿ, ಇಷ್ಟು ದಿನ ಕಣ್ಣಿಗೆ ಕೈ ತಾಗಿಸಬೇಡಿ ಎಂಬ ಪಥ್ಯ ಅಂಥವರಿಗೆ ಸಾಕಾಗಿತ್ತು. ಇಂದು ಅದೇ ಟೇಬಲ್ಲಿನ ಮೇಲೆ ಕಬಡ್ಡಿಯ ರೇಡರ್ ಮಲಗುತ್ತಾನೆ, ಕಾಲೇಜು ತಂಡದ ವಿಕೆಟ್‌ಕೀಪರ್ ಮಲಗುತ್ತಾಳೆ, ಸಂಜೆಯಾದರೆ ಷಟ್ಲ್ ಕೋರ್ಟಿಗೆ ಓಡುವ ಸಾಫ್ಟ್‌ವೇರ್ ನೌಕರ ಮಲಗುತ್ತಾನೆ. ಇವರೆಲ್ಲ ಎದ್ದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಎಷ್ಟು ದಿನ ಬಿಟ್ಟು ಆಡಬಹುದು? ವೈದ್ಯರೂ ಒಂದು ಅಂಕಿ ಹೇಳಿಬಿಡುತ್ತಾರೆ. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು. ಈ ಪ್ರಶ್ನೋತ್ತರದಲ್ಲಿ ಇಬ್ಬರದೂ ತಪ್ಪಿಲ್ಲ, ಆದರೆ ಪ್ರಶ್ನೆಯೇ ಅರ್ಧದ್ದು ಎಂಬುದು ಈ ಉಪನ್ಯಾಸದ ವಾದ. ದೇಹಕ್ಕೆ ದೇಹ ಬಡಿಯುವ, ವಸ್ತು ವೇಗವಾಗಿ ಹಾರಿಬರುವ ಆಟಗಳಿಗೆ ಮರಳುವ ನಿರ್ಧಾರವನ್ನು ಕ್ಯಾಲೆಂಡರ್ ಒಂದೇ ಮಾಡಲಾರದು. ಗಾಯ ಯಾವ ಬಗೆಯದು, ಆಟದ ಪೆಟ್ಟು ಯಾವ ಬಗೆಯದು, ಇನ್ನೊಂದು ಕಣ್ಣಿನ ಸ್ಥಿತಿ ಏನು ಎಂಬ ಮೂರನ್ನೂ ಕೂಡಿಸಿ ನೋಡಬೇಕು. ಅದನ್ನು ನೋಡಬೇಕಾದ ಹೊತ್ತು ಕೂಡ ಶಸ್ತ್ರಚಿಕಿತ್ಸೆಯ ಆಮೇಲಿನದಲ್ಲ, ಮೊದಲಿನದು.

ಮೈದಾನಕ್ಕೆ ಮರಳುವ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕಣ್ಣು ಆಟಕ್ಕೆ ಬೇಕಾದಷ್ಟು ಕಾಣುತ್ತದೆಯೇ ಎಂಬುದು ಒಂದು. ಆಟದಲ್ಲಿ ಬೀಳುವ ಪೆಟ್ಟನ್ನು ಆ ಕಣ್ಣು ತಾಳಿಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗೋಡೆಯ ಮೇಲಿನ ಅಕ್ಷರಫಲಕ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಯಾವ ಫಲಕವೂ ಉತ್ತರ ಕೊಡದು. ಹೀಗಿದ್ದೂ ಕ್ರೀಡಾಲೋಕ ಮೊದಲನೆಯದನ್ನು ಅಳೆದು ಎರಡನೆಯದಕ್ಕೂ ಅನುಮತಿ ಕೊಟ್ಟುಬಿಡುತ್ತದೆ. 2000ದ ಮಾರ್ಚ್‌ನಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನ ಆಟಗಾರ ಬ್ರಯನ್ ಬೆರಾರ್ಡ್‌ನ ಬಲಗಣ್ಣಿಗೆ ಎದುರಾಳಿಯ ಕೋಲು ಬಡಿಯಿತು. ಹಲವು ಶಸ್ತ್ರಚಿಕಿತ್ಸೆಗಳಾದವು. ಲೀಗಿಗೆ ಮರಳಲು ಅವನಿಗೆ ಬೇಕಾಗಿದ್ದುದು ನಿಯಮದಲ್ಲಿದ್ದ ಕನಿಷ್ಠ ದೃಷ್ಟಿ. ವಿಶೇಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಅಷ್ಟನ್ನು ತೋರಿಸಿದ, 2001ರಲ್ಲಿ ಮತ್ತೆ ಆಡಿದ, 2004ರಲ್ಲಿ ಛಲಕ್ಕಾಗಿ ಕೊಡುವ ಮಾಸ್ಟರ್ಟನ್ ಟ್ರೋಫಿಯನ್ನೂ ಪಡೆದ. ಅವನ ಛಲ ದೊಡ್ಡದು, ಸಂದೇಹವಿಲ್ಲ. ಆದರೆ ಆ ನಿಯಮ ಅಳೆದದ್ದು ಕಣ್ಣಿನ ನೋಟವನ್ನು ಮಾತ್ರ. ಹಲವು ಬಾರಿ ಹೊಲಿದ ಆ ಕಣ್ಣಿನ ಗೋಡೆ ಇನ್ನೊಂದು ಪೆಟ್ಟಿಗೆ ಏನಾದೀತು ಎಂಬುದನ್ನಲ್ಲ.

ಪೆಟ್ಟು ಬಿದ್ದಾಗ ಕಣ್ಣಿನೊಳಗೆ ಏನಾಗುತ್ತದೆ ಎಂಬುದು ತಿಳಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಣ್ಣುಗುಡ್ಡೆಯ ಒಳಗೆಲ್ಲ ದ್ರವ ಮತ್ತು ಲೋಳೆ. ದ್ರವವನ್ನು ಹಿಂಡಿ ಕಿರಿದಾಗಿಸಲು ಬರುವುದಿಲ್ಲ. ಹಾಗಾಗಿ ಮುಂದಿನಿಂದ ಒತ್ತಿದಾಗ ಗುಡ್ಡೆ ಹಿಂದಕ್ಕೆ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬುತ್ತದೆ. ಆ ಕ್ಷಣದಲ್ಲಿ ಲೋಳೆ ಬಿಗಿಯಾಗಿ ಅಂಟಿಕೊಂಡಿರುವ ಕಡೆ ರೆಟಿನಾ ಎಳೆದುಕೊಂಡು ಹರಿಯಬಹುದು, ಐರಿಸ್ಸಿನ ಬುಡ ಕಿತ್ತು ರಕ್ತ ತುಂಬಬಹುದು, ಲೆನ್ಸನ್ನು ಹಿಡಿದಿರುವ ಎಳೆಗಳು ಕಡಿಯಬಹುದು. ಒತ್ತಡ ಮಿತಿ ಮೀರಿದರೆ ಗೋಡೆಯೇ ಒಡೆಯುತ್ತದೆ, ಅದೂ ಅತ್ಯಂತ ದುರ್ಬಲವಾದ ಜಾಗದಲ್ಲಿ. ಕತ್ತಿ ತಾಗದ ಕಣ್ಣಿನಲ್ಲಿ ಅಂಥ ಜಾಗ ಸ್ನಾಯುಗಳು ಅಂಟಿಕೊಳ್ಳುವ ತೆಳು ಬಿಳಿಭಾಗದ ಹಿಂದೆಯೋ ಕಾರ್ನಿಯಾದ ಅಂಚಿನಲ್ಲೋ ಇರುತ್ತದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿನಲ್ಲಿ ಅದು ಬಹುಮಟ್ಟಿಗೆ ಹಳೆಯ ಗಾಯವೇ. ಬೆಸುಗೆ ಹಾಕಿದ ತಾಮ್ರದ ಕೊಡ ವರ್ಷಗಟ್ಟಲೆ ಒಂದು ತೊಟ್ಟೂ ಸೋರದೆ ನೀರು ಹಿಡಿಯುತ್ತದೆ. ಬಾವಿಕಟ್ಟೆಯ ಮೇಲೆ ಬಿದ್ದ ದಿನ ಬಿಡುವುದು ಬೆಸುಗೆಯೇ. ಸೋರದಿರುವುದು ಮತ್ತು ಬಿದ್ದರೆ ತಾಳುವುದು ಎರಡು ಬೇರೆ ಗುಣಗಳು.

ನಮ್ಮ ಯುವಜನ ಅತಿ ಹೆಚ್ಚು ಮಾಡಿಸಿಕೊಳ್ಳುವ ಲೇಸಿಕ್ಕನ್ನೇ ಮೊದಲು ನೋಡೋಣ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದಲ್ಲಿ 100ರಿಂದ 160 ಮೈಕ್ರಾನ್ ದಪ್ಪದ ಒಂದು ಪದರವನ್ನು ಒಂದು ಬದಿ ಬಿಟ್ಟು ಸುತ್ತ ಕತ್ತರಿಸಿ ಮೇಲೆತ್ತುತ್ತಾರೆ, ಕೆಳಗಿನ ಭಾಗಕ್ಕೆ ಲೇಸರ್ ಹಾಯಿಸಿ ಪವರ್ ಸರಿಮಾಡುತ್ತಾರೆ, ಪದರವನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ, ನೋವು ಕಡಿಮೆ, ಮರುದಿನವೇ ಕಣ್ಣು ನಿಚ್ಚಳ. ಈ ವೇಗವೇ ಅದರ ಆಕರ್ಷಣೆ, ತಪ್ಪು ತಿಳಿವಳಿಕೆಯ ಮೂಲವೂ ಇದೇ. ಲೇಸಿಕ್ ಮಾಡಿಸಿಕೊಂಡಿದ್ದವರು ದಾನ ಮಾಡಿದ ಕಣ್ಣುಗಳನ್ನು ಪ್ರಯೋಗಾಲಯದಲ್ಲಿ ಎಳೆದು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪದರದ ಅಂಚಿನ ಗಾಯಕ್ಕೆ ಸಹಜ ಕಾರ್ನಿಯಾದ ಬಲದ ಸರಾಸರಿ ಶೇ. 28.1ರಷ್ಟು ಮಾತ್ರ ಬಂದಿತ್ತು. ಮಧ್ಯಭಾಗದ ಅಂಟು ಬರೀ ಶೇ. 2.4. ವರ್ಷಗಳು ಕಳೆದ ಕಣ್ಣುಗಳಲ್ಲೂ ಇದೇ ಸ್ಥಿತಿ. ಅಂದರೆ ಆ ಪದರ ಅಂಚಿನ ಗಾಯದ ಹಿಡಿತದಿಂದ ನಿಂತಿರುತ್ತದೆ, ಒಳಗೆ ಬೆಸೆದುಕೊಂಡಿರುವುದಿಲ್ಲ. ಬೆರಳೋ ಉಗುರೋ ಕೊಂಬೆಯೋ ಓರೆಯಾಗಿ ಬಡಿದು ಹತ್ತು ವರ್ಷಗಳಾದ ಮೇಲೂ ಪದರ ಸರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಲೇಸಿಕ್ಕಿನಿಂದ ಕನ್ನಡಕ ಹೋಗುತ್ತದೆ, ಉದ್ದವಾಗಿ ಬೆಳೆದ ಕಣ್ಣು ಗಿಡ್ಡವಾಗುವುದಿಲ್ಲ. ಮೈನಸ್ ಪವರ್ ಹೆಚ್ಚಿದ್ದವರ ರೆಟಿನಾ ಮೊದಲು ಎಷ್ಟು ತೆಳುವಾಗಿತ್ತೋ ಈಗಲೂ ಅಷ್ಟೇ ತೆಳು. ಕನ್ನಡಕ ಕಳಚಿದ ಮಾತ್ರಕ್ಕೆ ಕಣ್ಣು ಗಟ್ಟಿಯಾಯಿತೆಂದು ಕುಸ್ತಿ ಅಖಾಡಕ್ಕೆ ಇಳಿಯುವವರು ಈ ಅಪಾಯವನ್ನು ಲೆಕ್ಕಕ್ಕೇ ತಂದುಕೊಂಡಿರುವುದಿಲ್ಲ.

ಇದೇ ಪವರನ್ನು ಪದರವೆತ್ತದೆಯೂ ಸರಿಪಡಿಸಬಹುದು. ಪಿಆರ್‌ಕೆ ಎಂಬ ಹಳೆಯ ವಿಧಾನದಲ್ಲಿ ಕಾರ್ನಿಯಾದ ಮೇಲಿನ ತೆಳು ಚರ್ಮವನ್ನಷ್ಟೇ ಒರೆಸಿ ತೆಗೆದು ಲೇಸರ್ ಹಾಯಿಸುತ್ತಾರೆ. ಮೂರು–ನಾಲ್ಕು ದಿನ ಚೆನ್ನಾಗಿಯೇ ನೋಯುತ್ತದೆ, ನೋಟ ಪೂರ್ತಿ ತಿಳಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆದರೆ ಚರ್ಮ ಮತ್ತೆ ಬೆಳೆದ ಮೇಲೆ ಸರಿಯಲು ಅಲ್ಲಿ ಪದರವೇ ಇರುವುದಿಲ್ಲ. ಅಮೆರಿಕದ ಸೇನೆ ತನ್ನ ಯೋಧರಿಗೆ ಬಹುಕಾಲ ಪಿಆರ್‌ಕೆಯನ್ನೇ ಮೇಲೆಂದು ಕಂಡದ್ದು ಈ ಕಾರಣಕ್ಕೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆದ ಸ್ಮೈಲ್ ವಿಧಾನದಲ್ಲಿ ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಒಳಗಿನ ತುಣುಕನ್ನು ಹೊರತೆಗೆಯುತ್ತಾರೆ. ಲೇಸಿಕ್ಕಿನಲ್ಲಾದರೆ ಸೀಳು ಸುಮಾರು 20 ಮಿಲಿಮೀಟರ್. ಮೂರರ ಉದ್ದೇಶವೂ ಕನ್ನಡಕ ಬಿಡಿಸುವುದೇ. ಕುಳಿತು ಕೆಲಸ ಮಾಡುವವರಿಗೆ ವ್ಯತ್ಯಾಸ ಅಷ್ಟೇನೂ ಗೊತ್ತಾಗದು. ಎದುರಾಳಿಯ ಬೆರಳು ಮುಖದ ಮೇಲೆಯೇ ಆಡುವ ಕಬಡ್ಡಿಪಟುವಿಗೆ ಇದು ನಿರ್ಣಾಯಕ. ಅವನು ಚಿಕಿತ್ಸೆಯಾದ ಮೇಲೆ ಎಷ್ಟು ದಿನ ಎಂದು ಕೇಳುತ್ತಾನೆ. ಕೇಳಬೇಕಾಗಿದ್ದುದು ಚಿಕಿತ್ಸೆಗೆ ಮೊದಲು, ಯಾವ ವಿಧಾನ ಎಂದು.

ಉಳಿದ ಶಸ್ತ್ರಚಿಕಿತ್ಸೆಗಳಲ್ಲಿ ಗಾಯದ ಗುಣ ಇನ್ನೂ ಬೇರೆ. ಪೊರೆಗೆ ಇಂದು ಮಾಡುವ ಫೇಕೊ ವಿಧಾನದ ಸೀಳು ಮೂರು ಮಿಲಿಮೀಟರಿಗೂ ಕಡಿಮೆ. ನಮ್ಮ ಸರ್ಕಾರಿ ಆಸ್ಪತ್ರೆ, ಶಿಬಿರಗಳಲ್ಲಿ ಹೆಚ್ಚಾಗಿ ನಡೆಯುವ ಸಣ್ಣ ಸೀಳಿನ ವಿಧಾನದಲ್ಲಿ ಅದು ಆರೇಳು ಮಿಲಿಮೀಟರ್. ಹಿಂದಿನ ಹೊಲಿಗೆಯ ವಿಧಾನದಲ್ಲಿ ಹತ್ತು–ಹನ್ನೆರಡು. ಮೂರನ್ನೂ ನಾವು ಪೊರೆ ಆಪರೇಷನ್ ಎಂದೇ ಕರೆಯುತ್ತೇವೆ, ಕಣ್ಣಿನ ಗೋಡೆಯ ಲೆಕ್ಕದಲ್ಲಿ ಅವು ಒಂದೇ ಅಲ್ಲ. ಪೊರೆ ಬರೀ ಮುಪ್ಪಿನ ಕಾಯಿಲೆ ಎಂದುಕೊಂಡವರು ಚಿನ್ನಿದಾಂಡಿನ ಪೆಟ್ಟಿನಿಂದ ಮಕ್ಕಳ ಕಣ್ಣಿಗೆ ಬರುವ ಪೊರೆಯನ್ನು ನೆನೆಯಬೇಕು. ಆ ಮಗು ಮತ್ತೆ ಬಯಲಿಗೇ ಓಡುತ್ತದೆ. ಕಾರ್ನಿಯಾ ಕಸಿಯಂತೂ ತೀರ ಎಚ್ಚರ ಬೇಡುವಂಥದ್ದು. ಕಾರ್ನಿಯಾ ಶಂಕುವಿನಂತೆ ಮುಂಚಾಚುವ ಕೆರಟೋಕೋನಸ್ ಹದಿಹರೆಯದಲ್ಲೇ ಶುರುವಾಗುವ ರೋಗ. ಅದು ಉಲ್ಬಣಿಸಿ ಪೂರ್ಣದಪ್ಪದ ಕಸಿ ಮಾಡಿಸಿಕೊಂಡವರು ಆಡುವ ವಯಸ್ಸಿನವರೇ ಆಗಿರುತ್ತಾರೆ. ಕಾರ್ನಿಯಾಕ್ಕೆ ರಕ್ತನಾಳವಿಲ್ಲ, ಹಾಗಾಗಿ ಸುತ್ತಲಿನ ವರ್ತುಲದ ಗಾಯ ನಿಧಾನವಾಗಿ ಕೂಡುತ್ತದೆ, ಸಹಜ ಬಲವನ್ನಂತೂ ಎಂದೂ ಪಡೆಯುವುದಿಲ್ಲ. ದಶಕಗಳ ನಂತರ ಒಂದು ಮೊಂಡು ಪೆಟ್ಟಿಗೆ ಕಸಿ ಬಾಯಿಬಿಟ್ಟ ಉದಾಹರಣೆಗಳಿವೆ. ಹಿಂಪದರ ಉಳಿಸಿಕೊಂಡು ಮುಂಭಾಗವನ್ನಷ್ಟೇ ಬದಲಿಸುವ ಭಾಗಶಃ ಕಸಿ ಸಾಧ್ಯವಿದ್ದಲ್ಲಿ ಆ ಹಿಂಪದರ ಸ್ವಲ್ಪ ಆಸರೆಯಾಗುತ್ತದೆ. ಇಲ್ಲೂ ಆಟದ ಮಾತು ಕತ್ತಿ ಹಿಡಿಯುವ ಮೊದಲೇ ಬರಬೇಕು.

ರೆಟಿನಾದ ಶಸ್ತ್ರಚಿಕಿತ್ಸೆಯಲ್ಲಿ ಪ್ರಶ್ನೆ ಗೋಡೆಯದಕ್ಕಿಂತ ಒಳಪದರದ್ದು. ಹರಿದ ಜಾಗದ ಸುತ್ತ ಲೇಸರ್ ಹಾಕಿದರೆ ಆ ಕಲೆ ಗಟ್ಟಿಯಾಗಲು ಸುಮಾರು ಎರಡು ವಾರ ಹಿಡಿಯುತ್ತದೆ. ಕಳಚಿದ ರೆಟಿನಾವನ್ನು ಮತ್ತೆ ಅಂಟಿಸಲು ಕಣ್ಣಿಗೆ ಗ್ಯಾಸ್ ತುಂಬಿದರೆ ಅದರ ಬಗೆಗೆ ತಕ್ಕಂತೆ ಎರಡು ವಾರದಿಂದ ಎರಡು ತಿಂಗಳು ಅದು ಒಳಗಿರುತ್ತದೆ. ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ; ಎತ್ತರ ಏರಿದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಘಾಟಿ ಹತ್ತಿ ಬೆಂಗಳೂರಿಗೆ ಹೊರಡುವವರು ಕೂಡ ವೈದ್ಯರನ್ನು ಕೇಳಿಯೇ ಹೊರಡಬೇಕು. ಒಳಗೆ ಗಾಯದ ಪೊರೆ ಬೆಳೆದು ರೆಟಿನಾವನ್ನು ಮತ್ತೆ ಎಳೆಯುವ ಅಪಾಯ ಮೊದಲ ಎರಡು–ಮೂರು ತಿಂಗಳಲ್ಲಿ ಹೆಚ್ಚು. ಗ್ಲಾಕೋಮಾಕ್ಕೆ ಮಾಡುವ ಚಿಕಿತ್ಸೆಯದು ಇದಕ್ಕೆ ಪೂರ್ತಿ ಬೇರೆ ಸ್ವರೂಪ. ಅಲ್ಲಿ ದ್ರವ ಹೊರಹರಿಯಲೆಂದು ಗೋಡೆಯಲ್ಲಿ ಬೇಕೆಂದೇ ಒಂದು ದಾರಿ ಉಳಿಸಿ, ಮೇಲೆ ತೆಳು ಪೊರೆಯ ಗುಳ್ಳೆ ಬಿಡುತ್ತಾರೆ. ಆ ಗಾಯ ಪೂರ್ತಿ ಮಾಯ್ದರೆ ಚಿಕಿತ್ಸೆಯೇ ಸೋತಂತೆ. ಎಂದೂ ಮುಚ್ಚಬಾರದ ಗಾಯಕ್ಕೆ ಎಷ್ಟು ದಿನ ಎಂದು ಕೇಳಿದರೆ ಕ್ಯಾಲೆಂಡರ್ ಏನು ಹೇಳೀತು?

ಹಾಗೆಂದು ದಿನಗಳ ಲೆಕ್ಕ ವ್ಯರ್ಥವಲ್ಲ. ಸೋಂಕಿನ ಭಯ ಕಳೆಯಲು, ಸೀಳು ಮುಚ್ಚಲು, ಪವರ್ ಸ್ಥಿರವಾಗಲು, ಔಷಧಿಯ ಹನಿಗಳು ಮುಗಿಯಲು ಕಾಲ ಬೇಕೇ ಬೇಕು. ವೈದ್ಯರು ಹೇಳುವ ಅಂಕಿ ಇವಕ್ಕೆಲ್ಲ ಅನ್ವಯಿಸುತ್ತದೆ. ಅದಕ್ಕಿಂತ ಮೊದಲು ಇಳಿಯಬಾರದು ಎಂಬ ಕೆಳಮಿತಿ ಅದು. ಅದು ದಾಟಿದ ದಿನ ಎಲ್ಲ ಅಪಾಯವೂ ದಾಟಿತು ಎಂದು ಓದಿಕೊಳ್ಳುವುದೇ ತಪ್ಪು.

ಗಾಯದಂತೆಯೇ ಪೆಟ್ಟಿಗೂ ಬಗೆಗಳಿವೆ. ಕಣ್ಣುಗೂಡಿನ ಬಾಯಿ ಸುಮಾರು 40 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಎತ್ತರ. ಕ್ರಿಕೆಟ್ ಚೆಂಡಿನ ವ್ಯಾಸ ಸುಮಾರು 72 ಮಿಲಿಮೀಟರ್. ಅದು ಬಡಿದಾಗ ಸುತ್ತಲಿನ ಎಲುಬು ಒಂದಷ್ಟು ಪೆಟ್ಟನ್ನು ತಾನು ಹೊರುತ್ತದೆ. ಸ್ಕ್ವಾಷ್ ಚೆಂಡು 40 ಮಿಲಿಮೀಟರ್, ಷಟ್ಲ್ ಕಾಕಿನ ತಲೆ 25ರಿಂದ 28. ಇವು ಎಲುಬನ್ನು ತಪ್ಪಿಸಿ ನೇರವಾಗಿ ಗುಡ್ಡೆಗೇ ತಾಗುತ್ತವೆ. ಐದು ಗ್ರಾಮಿನ ಕಾಕು ಏನು ಮಾಡೀತು ಎನ್ನುವವರು ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ದಾಖಲಿಸಿದ ಗಂಟೆಗೆ 565 ಕಿಲೋಮೀಟರಿನ ಸ್ಮ್ಯಾಷ್ ನೆನೆಯಲಿ. ಗಾಳಿಯಲ್ಲಿ ಆ ವೇಗ ಬೇಗ ಇಳಿಯುತ್ತದೆ ನಿಜ, ಡಬಲ್ಸಿನಲ್ಲಿ ನೆಟ್ಟಿನ ಬಳಿ ನಿಂತವರಿಗೆ ಇಳಿಯುವಷ್ಟು ದೂರವೇ ಸಿಗುವುದಿಲ್ಲ. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದ ಹೆಮ್ಮೆಯನ್ನು ಇಂದಿಗೂ ಹೊತ್ತಿರುವ ನಮ್ಮ ನಾಡಿನಲ್ಲಿ ಷಟ್ಲ್ ಅಪಾಯವಿಲ್ಲದ ಆಟವೆಂದೇ ಹೆಸರಾಗಿದೆ. ಕಣ್ಣಿನ ಮಟ್ಟಿಗೆ ಅದು ಹಾಗಲ್ಲ. ಕ್ರಿಕೆಟ್ಟಿನಲ್ಲೂ ಸ್ಪಿನ್ನಿಗೆ ಸ್ಟಂಪಿನ ಹತ್ತಿರ ನಿಲ್ಲುವ ಕೀಪರ್ ಹೀಗೆಯೇ. 2000ದ ಏಷ್ಯಾ ಕಪ್‌ನಲ್ಲಿ ಢಾಕಾದಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ಎಸೆತಕ್ಕೆ ಕೀಪಿಂಗ್ ಮಾಡುತ್ತಿದ್ದ ಸಬಾ ಕರೀಮ್ ಬಲಗಣ್ಣಿಗೆ ಚೆಂಡು ಬಡಿಯಿತು. ಶಸ್ತ್ರಚಿಕಿತ್ಸೆಯಾಯಿತು. ಅದೇ ನವೆಂಬರ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಒಂದು ಟೆಸ್ಟ್ ಆಡಿದರು, ಅದೇ ಅವರ ಏಕೈಕ ಟೆಸ್ಟ್ ಆಗಿ ಉಳಿಯಿತು. 2012ರ ಜುಲೈ 9ರಂದು ಇಂಗ್ಲೆಂಡಿನ ಟಾಂಟನ್‌ನಲ್ಲಿ ಇಮ್ರಾನ್ ತಾಹಿರ್ ಎಸೆತ ವಿಕೆಟ್ ಕೆಡವಿದಾಗ ಹಾರಿದ ಬೇಲ್ ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ ಎಡಗಣ್ಣಿಗೆ ಹೊಕ್ಕಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. 999 ಅಂತರರಾಷ್ಟ್ರೀಯ ಬಲಿಗಳ ಒಡೆಯ ಮರುದಿನವೇ ನಿವೃತ್ತಿ ಪ್ರಕಟಿಸಬೇಕಾಯಿತು. ಚೆಂಡಲ್ಲ, ಬೆರಳುದ್ದದ ಮರದ ತುಂಡು. ಯಾವ ಆಟ ಎಂಬುದಷ್ಟೇ ಅಲ್ಲ, ಆಟದಲ್ಲಿ ಎಲ್ಲಿ ನಿಲ್ಲುತ್ತೀರಿ ಎಂಬುದೂ ಲೆಕ್ಕಕ್ಕೆ ಬರಬೇಕು.

ಮೂರನೆಯದು ಇನ್ನೊಂದು ಕಣ್ಣು. ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರ ತಜ್ಞರ ಅಕಾಡೆಮಿಗಳು ಜಂಟಿಯಾಗಿ ಹೇಳುವ ಮಾತಿದು: ಕನ್ನಡಕ ಹಾಕಿಯೂ ದುರ್ಬಲ ಕಣ್ಣಿನ ದೃಷ್ಟಿ 6/12ಕ್ಕಿಂತ ಕಡಿಮೆ ಇದ್ದರೆ ಆ ಆಟಗಾರನನ್ನು ಒಂದೇ ಕಣ್ಣಿನವನೆಂದು ಪರಿಗಣಿಸಬೇಕು, ಎಲ್ಲ ಆಟದಲ್ಲೂ ರಕ್ಷಣೆ ಕಡ್ಡಾಯ, ಬಾಕ್ಸಿಂಗ್ ಮತ್ತು ಪೂರ್ಣ ಸಂಪರ್ಕದ ಸಮರಕಲೆ ಬೇಡ. ಇಲ್ಲಿ ಲೆಕ್ಕ ಸುಲಭ. ಒಳ್ಳೆಯ ಕಣ್ಣಿಗೆ ಪೆಟ್ಟಾದರೆ ಹೋಗುವುದು ಆಟವಲ್ಲ. ಓದು, ವಾಹನ, ಉದ್ಯೋಗ.

ಈ ಮಾತಿಗೆ ಸಭೆಯಲ್ಲಿ ಥಟ್ಟನೆ ಏಳುವ ಆಕ್ಷೇಪಕ್ಕೆ ಒಂದು ಹೆಸರೇ ಇದೆ: ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಜುಲೈ 1ರಂದು ಇಂಗ್ಲೆಂಡಿನ ಹೋವ್‌ನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿಗೆ ಗಾಜು ಹೊಕ್ಕಿತು, ಶಸ್ತ್ರಚಿಕಿತ್ಸೆಯಾದರೂ ಆ ಕಣ್ಣಿನ ಉಪಯುಕ್ತ ದೃಷ್ಟಿ ಹೋಯಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಅವರು ಮೊದಲ ಟೆಸ್ಟ್ ಆಡಿದರು, 21ನೇ ವಯಸ್ಸಿಗೆ ನಾಯಕರಾದರು, 46 ಟೆಸ್ಟ್‌ಗಳಲ್ಲಿ ಆರು ಶತಕ ಹೊಡೆದರು. ಅವರೇ ಮರಳಿದ ಮೇಲೆ ಉಳಿದವರಿಗೇಕೆ ಇಷ್ಟೊಂದು ಪಥ್ಯ? ಪಟೌಡಿಯವರ ಸಾಧನೆ ನಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ. ಒಂದೇ ಕಣ್ಣಿನಲ್ಲಿ ವೇಗದ ಬೌಲಿಂಗ್ ಎದುರಿಸುವಷ್ಟು ನೋಟವನ್ನು ಪಳಗಿಸಬಹುದು ಎಂದು ಅವರು ತೋರಿಸಿಕೊಟ್ಟರು. ಹೆಲ್ಮೆಟ್ ಇಲ್ಲದ ಆ ಕಾಲದಲ್ಲಿ ಉಳಿದೊಂದು ಕಣ್ಣಿಗೆ ಚೆಂಡು ಬಡಿಯಲಿಲ್ಲ ಎಂಬುದು ಎರಡನೆಯ ಪ್ರಶ್ನೆಗೆ ಉತ್ತರವಲ್ಲ, ಅದೃಷ್ಟ. ಅವರ ಪಕ್ಕದಲ್ಲೇ ಇಂಗ್ಲೆಂಡಿನ ಕಾಲಿನ್ ಮಿಲ್ಬರ್ನ್‌ನನ್ನು ಇಟ್ಟು ನೋಡಬೇಕು. 1969ರ ಮೇ ತಿಂಗಳ ಕಾರು ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡ ಆ ಹೊಡೆತಗಾರ 1973ರಲ್ಲಿ ಕೌಂಟಿ ಕ್ರಿಕೆಟ್ಟಿಗೆ ಮರಳಿದ, ಮರುವರ್ಷವೇ ಬಿಟ್ಟ. ಮರಳಿ ಗೆದ್ದವರ ಹೆಸರು ಎಲ್ಲರ ಬಾಯಲ್ಲಿದೆ, ಮರಳಲಾಗದವರದು ಇಲ್ಲ. ನೆನಪಿನಲ್ಲಿ ಉಳಿದವರನ್ನಷ್ಟೇ ಎಣಿಸಿ ಅಪಾಯ ಕಡಿಮೆ ಎನ್ನುವುದು ಲೆಕ್ಕವಲ್ಲ.

ಗುದ್ದಾಟದ ಲೋಕದಲ್ಲಿ ಈ ಪಾಠ ಇನ್ನೂ ಕಟುವಾಗಿದೆ. ಶುಗರ್ ರೇ ಲೆನಾರ್ಡ್‌ನ ಎಡಗಣ್ಣಿನ ರೆಟಿನಾ ಭಾಗಶಃ ಕಳಚಿದ್ದು ಗೊತ್ತಾಗಿ 1982ರ ಮೇ ತಿಂಗಳಲ್ಲಿ ಬಾಲ್ಟಿಮೋರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವನು ನಿವೃತ್ತನಾದ, 1984ರಲ್ಲಿ ಮರಳಿ ಒಂದು ಪಂದ್ಯ ಆಡಿ ಮತ್ತೆ ನಿವೃತ್ತನಾದ, 1987ರ ಏಪ್ರಿಲ್‌ನಲ್ಲಿ ಮಾರ್ವಿನ್ ಹ್ಯಾಗ್ಲರ್‌ನನ್ನು ಸೋಲಿಸಿದ. ಕಾಲ, ತಪಾಸಣೆ, ವೈದ್ಯರ ನಿಗಾ ಎಲ್ಲ ಕೂಡಿಬಂದ ಮರಳುವಿಕೆ ಅದು. ಮಿಶ್ರ ಸಮರಕಲೆಯ ಮೈಕೆಲ್ ಬಿಸ್ಪಿಂಗ್‌ನದು ಇದರ ಇನ್ನೊಂದು ಮುಖ. 2013ರ ಪಂದ್ಯದ ನಂತರ ಅವನ ಬಲಗಣ್ಣಿನ ರೆಟಿನಾ ಕಳಚಿತು, ಹಲವು ಶಸ್ತ್ರಚಿಕಿತ್ಸೆಗಳಾದವು, ಆದರೂ ಕಾದಾಡುತ್ತಲೇ ಇದ್ದ. 2016ರ ಜೂನ್‌ನಲ್ಲಿ ಯುಎಫ್‌ಸಿ ಮಿಡ್ಲ್‌ವೇಟ್ ಕಿರೀಟ ಗೆದ್ದಾಗ ಆ ಕಣ್ಣು ಬಹುತೇಕ ಕುರುಡು. ಕಣ್ಣಿನ ಪರೀಕ್ಷೆಗಳನ್ನು ಉಪಾಯದಿಂದ ದಾಟಿದ್ದನ್ನು ನಿವೃತ್ತಿಯ ನಂತರ ಅವನೇ ಹೇಳಿಕೊಂಡ. ಇದನ್ನು ಶೌರ್ಯವೆಂದು ಹೊಗಳುವವರಿದ್ದಾರೆ. ಅನುಮತಿ ಕೊಡುವ ವ್ಯವಸ್ಥೆ ಅಕ್ಷರಫಲಕವನ್ನಷ್ಟೇ ನಂಬಿದರೆ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ದೇಹ ಅವನದು, ಅಪಾಯವೂ ಅವನದು, ತಡೆಯಲು ನಾವ್ಯಾರು ಎಂಬುದು ಎರಡನೆಯ ಆಕ್ಷೇಪ. ಇದು ಹಗುರವಾದ ಮಾತಲ್ಲ. ವಯಸ್ಕನೊಬ್ಬ ಎಲ್ಲವನ್ನೂ ತಿಳಿದು ಅಪಾಯವನ್ನು ಒಪ್ಪಿಕೊಂಡರೆ ಅವನ ಮೇಲೆ ನಮ್ಮ ಭಯವನ್ನು ಹೇರಬಾರದು. ಆದರೆ ಈ ಸ್ವಾತಂತ್ರ್ಯಕ್ಕೆ ತಿಳಿದು ಎಂಬುದೇ ತಳಹದಿ. ಪದರದ ಬಲ ಎಷ್ಟು, ತನ್ನ ಪೊರೆಯ ಸೀಳು ಎಷ್ಟು ಉದ್ದ, ರೆಟಿನಾ ಎಲ್ಲಿ ತೆಳು ಎಂಬುದನ್ನು ಯಾರೂ ಹೇಳದೆ ಒಂದು ತಿಂಗಳು ಬಿಟ್ಟು ಆಡಿ ಎಂದಷ್ಟೇ ಹೇಳಿ ಕಳಿಸಿದರೆ ಅವನು ಒಪ್ಪಿಕೊಂಡದ್ದು ಅಪಾಯವನ್ನಲ್ಲ, ದಿನಾಂಕವನ್ನು. ಸ್ಕಾಲರ್‌ಶಿಪ್, ಕ್ರೀಡಾ ಕೋಟಾದ ಕೆಲಸ, ತಂಡದಲ್ಲಿನ ಜಾಗ ಇವೆಲ್ಲ ಬೆನ್ನಿಗೆ ಒತ್ತುತ್ತಿರುವಾಗ ಹುಡುಗನ ಹೂಂ ಎಷ್ಟು ಸ್ವಂತದ್ದು ಎಂಬುದನ್ನೂ ಕೇಳಬೇಕು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಂತೂ ಈ ವಾದ ನಿಲ್ಲುವುದೇ ಇಲ್ಲ.

ಮೂರನೆಯ ಆಕ್ಷೇಪ ವೈದ್ಯರ ಕಡೆಯಿಂದಲೇ ಬರುತ್ತದೆ. ಲೇಸಿಕ್ ಪದರ ಸರಿಯುವುದು ಅಪರೂಪ, ಲಕ್ಷಾಂತರ ಜನ ಏನೂ ಆಗದೆ ಬದುಕುತ್ತಿದ್ದಾರೆ, ಜನರನ್ನು ಹೆದರಿಸಬೇಡಿ. ಅಪರೂಪ ಎಂಬುದು ಪೂರ್ತಿ ನಿಜ. ಪದರ ಸರಿದರೂ ತಡಮಾಡದೆ ಹೋದರೆ ಸರಿಪಡಿಸಿ ಒಳ್ಳೆಯ ದೃಷ್ಟಿ ಮರಳಿಸಬಹುದು ಎಂಬುದೂ ನಿಜ. ಆದರೆ ಆ ಲಕ್ಷಾಂತರ ಜನರಲ್ಲಿ ಬಹುಪಾಲು ಮುಖಕ್ಕೆ ಪೆಟ್ಟು ಬೀಳುವ ಆಟ ಆಡುವವರಲ್ಲ. ಎಲ್ಲರ ಸರಾಸರಿಯನ್ನು ತಂದು ಕಬಡ್ಡಿ, ಕುಸ್ತಿ, ಜೂಡೋಪಟುವಿಗೆ ಧೈರ್ಯ ಹೇಳುವುದು ಸರಿಯಲ್ಲ. ಅಪಾಯ ಸಣ್ಣದು ಎಂಬ ಕಾರಣಕ್ಕೆ ಅದನ್ನು ಇನ್ನೂ ಸಣ್ಣದಾಗಿಸುವ ಸುಲಭದ ದಾರಿಯನ್ನು ಬಿಡಬೇಕಿಲ್ಲ.

ಆ ದಾರಿ ರಕ್ಷಣಾ ಕನ್ನಡಕ. ನಿತ್ಯದ ಕನ್ನಡಕ ಆಟದಲ್ಲಿ ರಕ್ಷಣೆಯಲ್ಲ, ಕಾಂಟ್ಯಾಕ್ಟ್ ಲೆನ್ಸ್ ಅಂತೂ ಅಲ್ಲವೇ ಅಲ್ಲ. ಬೇಕಾದದ್ದು ಮುಖಕ್ಕೆ ಕೂರುವ, ಪೆಟ್ಟಿಗೆ ಚೂರಾಗದ ಪಾಲಿಕಾರ್ಬೊನೇಟ್ ಲೆನ್ಸಿನದು. ಇದಕ್ಕೆ ಪುರಾವೆ ಬೇಕಾದಷ್ಟಿದೆ. ಕೆನಡಾದ ನೇತ್ರವೈದ್ಯ ಟಾಮ್ ಪ್ಯಾಷ್ಬಿ ಲೆಕ್ಕ ಇಟ್ಟಂತೆ 1974–75ರ ಒಂದೇ ಋತುವಿನಲ್ಲಿ ಅಲ್ಲಿನ ಐಸ್ ಹಾಕಿಯಲ್ಲಿ 258 ಕಣ್ಣಿನ ಗಾಯಗಳಾಗಿ 43 ಕಣ್ಣುಗಳು ಕುರುಡಾದವು. ಹವ್ಯಾಸಿ ಆಟಗಾರರಿಗೆ ಮುಖಕವಚ ಕಡ್ಡಾಯವಾದ ಮೇಲೆ ಆ ಸಂಖ್ಯೆ ಕುಸಿಯಿತು. ಬಾಸ್ಕೆಟ್‌ಬಾಲ್‌ನ ಅಮಾರೆ ಸ್ಟಡಮೈರ್ ಕಥೆ ಒಂದೇ ದೇಹದಲ್ಲಿ ನಡೆದ ಪ್ರಯೋಗದಂತಿದೆ. 2008ರ ಅಕ್ಟೋಬರ್‌ನಲ್ಲಿ ಅವನ ಬಲಗಣ್ಣಿನ ಐರಿಸ್ ಹರಿಯಿತು, ಕೆಲಕಾಲ ಕನ್ನಡಕ ಹಾಕಿದ, ಆಮೇಲೆ ಬಿಟ್ಟ. ಮರುವರ್ಷ ಫೆಬ್ರವರಿಯಲ್ಲಿ ಅದೇ ಕಣ್ಣಿಗೆ ಪೆಟ್ಟಾಗಿ ರೆಟಿನಾ ಕಳಚಿತು. ಶಸ್ತ್ರಚಿಕಿತ್ಸೆಯ ನಂತರ ಕನ್ನಡಕ ಹಾಕಿಯೇ ಮರಳಿ 2009–10ರ ಋತುವಿನ 82 ಪಂದ್ಯಗಳನ್ನೂ ಆಡಿದ. ಆಟಕ್ಕೆ ಅಡ್ಡಿ, ಮಂಜು ಕವಿಯುತ್ತದೆ ಎನ್ನುವವರು 1999ರ ಗ್ಲಾಕೋಮಾ ಶಸ್ತ್ರಚಿಕಿತ್ಸೆಯ ನಂತರ ಅದನ್ನೇ ಧರಿಸಿ ಯುರೋಪಿನ ಅತ್ಯುನ್ನತ ಮಟ್ಟದ ಫುಟ್ಬಾಲ್ ಆಡಿದ ಎಡ್ಗರ್ ಡೇವಿಡ್ಸ್‌ನನ್ನು ನೋಡಲಿ. ರಕ್ಷಣೆ ಕೊಟ್ಟರೆ ಆಟಗಾರರು ಇನ್ನಷ್ಟು ಒರಟಾಗುತ್ತಾರೆ ಎಂಬ ಮಾತೂ ಉಂಟು. ಅಮೆರಿಕದ ಪ್ರೌಢಶಾಲಾ ಬಾಲಕಿಯರ ಹಾಕಿಯಲ್ಲಿ 2011–12ರಿಂದ ಕನ್ನಡಕ ಕಡ್ಡಾಯವಾದಾಗ ಕಣ್ಣಿನ ಗಾಯ ಇಳಿಯಿತು, ತಲೆಗೆ ಬೀಳುವ ಪೆಟ್ಟು ಏರಲಿಲ್ಲ. ಉಳಿಯುವುದು ಬೆಲೆಯ ಆಕ್ಷೇಪ. ಲೇಸರ್ ಚಿಕಿತ್ಸೆಗೆ ಹತ್ತಾರು ಸಾವಿರ ಕೊಟ್ಟವರ ಬಾಯಲ್ಲಿ ಇದು ಒಪ್ಪುವುದಿಲ್ಲ. ಹಳ್ಳಿಯ ಶಾಲೆಯ ಮಗುವಿನ ಮಟ್ಟಿಗೆ ಇದು ಗಂಭೀರ, ಆ ಹೊಣೆ ಸರ್ಕಾರದ್ದು ಮತ್ತು ಕ್ರೀಡಾ ಸಂಸ್ಥೆಗಳದ್ದು. ಬಾಕ್ಸಿಂಗಿನಲ್ಲಿ ಮಾತ್ರ ಕನ್ನಡಕಕ್ಕೆ ಜಾಗವಿಲ್ಲ. ದುರ್ಬಲ ಕಣ್ಣಿಗೆ ಅಲ್ಲಿ ಉಳಿಯುವ ಸಲಹೆ ಆಟ ಬದಲಿಸುವುದೊಂದೇ, ಅದನ್ನು ಹೇಳಲು ವೈದ್ಯರು ಹಿಂಜರಿಯಬಾರದು.

ದಿನದ ಜೊತೆಗೆ ಗಾಯವನ್ನೂ ಅಳೆಯಬಹುದು ಎಂಬುದಕ್ಕೆ ನಮ್ಮಲ್ಲೇ ಮಾದರಿಯಿದೆ. ಲೇಸಿಕ್ ಮಾಡಿಸಿಕೊಂಡು ಭಾರತೀಯ ವಾಯುಪಡೆಗೆ ಬರುವವರಿಗೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ 20 ವರ್ಷ ದಾಟಿರಬೇಕು, ಆಮೇಲೆ 12 ತಿಂಗಳು ಕಳೆದಿರಬೇಕು ಎಂಬಲ್ಲಿಗೆ ವೈದ್ಯಕೀಯ ಮಾನದಂಡ ನಿಂತಿಲ್ಲ. ಉಳಿದ ಕಾರ್ನಿಯಾ 450 ಮೈಕ್ರಾನ್‌ಗಿಂತ ತೆಳುವಾಗಿರಬಾರದು, ಕಣ್ಣಿನ ಉದ್ದ ಮಿತಿಯಲ್ಲಿರಬೇಕು, ರೆಟಿನಾ ಆರೋಗ್ಯವಾಗಿರಬೇಕು ಎಂದೂ ಅದು ಕೇಳುತ್ತದೆ. ಇದೇ ವಿವೇಕ ಜಿಲ್ಲಾ ಮಟ್ಟದ ಕಬಡ್ಡಿ ತಂಡಕ್ಕೂ ವಿಶ್ವವಿದ್ಯಾಲಯದ ಕ್ರೀಡಾಕೂಟಕ್ಕೂ ಬರಬೇಕು. ಅದಕ್ಕೆ ದೊಡ್ಡ ಖರ್ಚಿಲ್ಲ. ನೇತ್ರವೈದ್ಯರು ಮೊದಲ ಭೇಟಿಯಲ್ಲೇ ಏನು ಆಡುತ್ತೀರಿ, ಎಲ್ಲಿ ನಿಂತು ಆಡುತ್ತೀರಿ ಎಂದು ಕೇಳಿ ಬರೆದುಕೊಳ್ಳಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ಹನಿಗಳ ಜೊತೆ ಕನ್ನಡದಲ್ಲೇ ನಾಲ್ಕು ಸಾಲು ಇರಲಿ: ಯಾವ ವಿಧಾನ, ಗಾಯ ಎಲ್ಲಿ, ಯಾವ ಆಟ ಎಂದಿಗೂ ಬೇಡ, ಯಾವ ಆಟ ಯಾವ ರಕ್ಷಣೆಯೊಂದಿಗೆ. ಮಿಂಚು ಹೊಳೆದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಸುರಿದರೆ, ಪರದೆ ಇಳಿದಂತಾದರೆ, ಪೆಟ್ಟಿನ ನಂತರ ನೋಟ ಮಂಜಾದರೆ ಪಂದ್ಯ ಮುಗಿಯುವ ತನಕ ಕಾಯದೆ ಅಂದೇ ಆಸ್ಪತ್ರೆಗೆ ಬರಬೇಕು ಎಂಬುದೂ ಅಲ್ಲಿರಲಿ. ತರಬೇತುದಾರರು ಆ ಚೀಟಿಯನ್ನು ಓದದೆ ಆಟಗಾರನನ್ನು ಮೈದಾನಕ್ಕೆ ಇಳಿಸದಿರಲಿ.

ಶಸ್ತ್ರಚಿಕಿತ್ಸೆಯಾದವರೆಲ್ಲ ಆಟ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಜನ ಮರಳಬಹುದು, ಮರಳಬೇಕು. ಆಟದಿಂದ ದೇಹಕ್ಕೂ ಮನಸ್ಸಿಗೂ ಬರುವ ಲಾಭ ಸಣ್ಣದಲ್ಲ. ಆದರೆ ಅನುಮತಿ ಎಂಬುದು ದಿನಾಂಕ ಬಂದಾಗ ತಾನಾಗಿ ತೆರೆದುಕೊಳ್ಳುವ ಬಾಗಿಲಾಗಬಾರದು. ಕೆಲವರಿಗೆ ಅದು ಬೇರೆ ಶಸ್ತ್ರಚಿಕಿತ್ಸೆಯ ಆಯ್ಕೆ, ಕೆಲವರಿಗೆ ಬೇರೆ ಸ್ಥಾನದಲ್ಲಿ ಆಟ, ಬಹಳಷ್ಟು ಜನರಿಗೆ ಆಡುವಷ್ಟು ಕಾಲವೂ ಮುಖದ ಮೇಲೊಂದು ಕನ್ನಡಕ, ಕೆಲವೇ ಕೆಲವರಿಗೆ ಬೇರೆ ಆಟ. ಈ ನಾಲ್ಕರಲ್ಲಿ ತನ್ನದು ಯಾವುದು ಎಂದು ತಿಳಿದುಕೊಂಡು ಟೇಬಲ್ಲಿನ ಮೇಲೆ ಮಲಗುವುದು ಆಟಗಾರನ ಹಕ್ಕು. ಅದನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ಹೇಳುವುದು ವೈದ್ಯರ ಕರ್ತವ್ಯ, ಹೇಳಿದ್ದಾರೆಯೇ ಎಂದು ವಿಚಾರಿಸಿ ಆಮೇಲಷ್ಟೇ ಆಡಲು ಬಿಡುವುದು ಕ್ರೀಡಾ ಸಂಸ್ಥೆಗಳ ಕರ್ತವ್ಯ.